ಕೋಟೆ ನೋಡಿ ಬಂದ ಮಗನ ಎಂಟು ಸಾಲು

ಪ್ರಶ್ನೆ: ನಮ್ಮದು ಹುಮನಾಬಾದ. ಮಗ ಕನ್ನಡ ಮಾಧ್ಯಮದಲ್ಲಿ ಐದನೆಯ ತರಗತಿ ಓದುತ್ತಿದ್ದಾನೆ. ಶಾಲೆಯವರು ಮಕ್ಕಳನ್ನು ಒಂದು ದಿನದ ಪ್ರವಾಸಕ್ಕೆ ಬೀದರ್‌ಗೆ ಕರೆದುಕೊಂಡು ಹೋಗಿ ಕೋಟೆ, ಗವಾನ್ ಮದರಸಾ, ಲೋಹದ ಪಾತ್ರೆಗೆ ಬೆಳ್ಳಿ ಕೂರಿಸುವ ಬಿದರಿ ಕೆಲಸ ಮಾಡುವವರ ಮನೆ ತೋರಿಸಿದರು. ಬಂದ ಮೇಲೆ ವಾರವಿಡೀ ಅದೇ ಮಾತು. ಬಿದರಿ ಕೆಲಸದ ಅಜ್ಜ ಮಣ್ಣನ್ನು ನಾಲಿಗೆಗೆ ಹಚ್ಚಿಕೊಂಡದ್ದು, ಬೂದು ಬಣ್ಣದ ಡಬ್ಬಿ ನೋಡನೋಡುತ್ತಲೇ ಕಪ್ಪಾದದ್ದು, ಗೆಳೆಯನ ಟೋಪಿ ಕೋಟೆಯ ಕಂದಕಕ್ಕೆ ಬಿದ್ದದ್ದು ಎಲ್ಲವನ್ನೂ ಬಂದವರಿಗೆಲ್ಲ ಹೇಳಿದ. ಆದರೆ 'ನಾನು ಮಾಡಿದ ಪ್ರವಾಸ' ಎಂದು ಒಂದು ಪುಟ ಬರೆಯಲು ಹೇಳಿದಾಗ ಬರೆದದ್ದು ಇಷ್ಟು: 'ನಾವು ಶನಿವಾರ ಬೀದರ್ ಕೋಟೆಗೆ ಹೋದೆವು. ಕೋಟೆ ಬಹಳ ದೊಡ್ಡದಾಗಿತ್ತು. ಆಮೇಲೆ ಮದರಸಾ ನೋಡಿದೆವು. ತುಂಬಾ ಚೆನ್ನಾಗಿತ್ತು. ಆಮೇಲೆ ಬಿದರಿ ಕೆಲಸ ನೋಡಿದೆವು. ಆಮೇಲೆ ಊಟ ಮಾಡಿದೆವು. ಸಂಜೆ ಮನೆಗೆ ಬಂದೆವು. ತುಂಬಾ ಖುಷಿಯಾಯಿತು.' ಕೊನೆಗೆ ನಾನೇ ಮೊಬೈಲಿನಲ್ಲಿ ಹುಡುಕಿ, ಹೇಳಿ ಬರೆಸಿ ಪುಟ ತುಂಬಿಸಿದೆ. ಪ್ರಬಂಧದ ಪುಸ್ತಕ ತಂದುಕೊಡಲೇ? ಟ್ಯೂಷನ್‌ಗೆ ಕಳಿಸಲೇ? ನಾವು ಮನೆಯಲ್ಲಿ ಆಡುವ ಕನ್ನಡ ಬೇರೆ, ಪುಸ್ತಕದ ಕನ್ನಡ ಬೇರೆ. ಅದರಿಂದ ಅವನು ಹಿಂದೆ ಬೀಳುತ್ತಿದ್ದಾನೆಯೇ?

ಉತ್ತರ: ಅವನು ಬಂದವರಿಗೆಲ್ಲ ಹೇಳಿದ ಮೂರು ಸುದ್ದಿಗಳನ್ನು ಅವನ ಎಂಟು ಸಾಲುಗಳ ಪಕ್ಕದಲ್ಲಿ ಇಟ್ಟು ನೋಡಿ, ತಾಯಿ. ಅಜ್ಜನೂ ಇಲ್ಲ, ಡಬ್ಬಿಯೂ ಇಲ್ಲ, ಟೋಪಿಯೂ ಇಲ್ಲ. ಹುಡುಗ ಕಂಡದ್ದು ಒಂದು, ಬರೆದದ್ದು ಇನ್ನೊಂದು. ಬರೆಯಲು ವಿಷಯವಿಲ್ಲದೆ ಅವನು ಪೆನ್ಸಿಲ್ ಕೆಳಗಿಟ್ಟಿಲ್ಲ. ಶಾಲೆಯ ಪುಟದ ಮೇಲೆ ಅಂಥ ಸುದ್ದಿಗೆ ಜಾಗವಿಲ್ಲ ಎಂದು ತೀರ್ಮಾನಿಸಿಕೊಂಡಿದ್ದಾನೆ. ಪ್ರಬಂಧವೆಂದರೆ ಹೊರಟದ್ದು, ನೋಡಿದ ಸ್ಥಳಗಳ ಹೆಸರು, ಊಟ, ಖುಷಿ, ಮರಳಿ ಮನೆ ಎಂದು ಎಲ್ಲಿಂದಲೋ ಕಲಿತಿದ್ದಾನೆ. ಎಲ್ಲಿಂದ ಎಂದು ಹುಡುಕಲು ದೂರ ಹೋಗಬೇಕಿಲ್ಲ. ಶಾಲೆಯಲ್ಲಿ ಹಿಂದಿನ ವರ್ಷ ಓದಿಸಿದ ಮಾದರಿ, ಅಣ್ಣ ಅಕ್ಕಂದಿರ ನೋಟ್‌ಬುಕ್, ಮಾರುಕಟ್ಟೆಯ ಪ್ರಬಂಧಮಾಲೆ ಎಲ್ಲವೂ ಅದೇ ಅಚ್ಚಿನವು. ಹಾಗಾಗಿ ನಿಮ್ಮ ಎರಡು ಪ್ರಶ್ನೆಗಳಿಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಪ್ರಬಂಧದ ಪುಸ್ತಕ ಬೇಡ. ಇದೊಂದು ಕಾರಣಕ್ಕೆ ಟ್ಯೂಷನ್ ಕೂಡ ಬೇಡ.

ಮಕ್ಕಳ ಬರವಣಿಗೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ ಕೆನಡಾದ ಸಂಶೋಧಕರಾದ ಕಾರ್ಲ್ ಬೆರೈಟರ್ ಮತ್ತು ಮಾರ್ಲೀನ್ ಸ್ಕಾರ್ಡಮಾಲಿಯಾ 1987ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಎಳೆಯ ಬರಹಗಾರರ ರೀತಿಯನ್ನು ವಿವರಿಸಿದ್ದಾರೆ. ವಿಷಯದ ಹೆಸರು ಕೇಳಿದೊಡನೆ ನೆನಪಿಗೆ ಬಂದ ಮೊದಲ ಸಂಗತಿಯನ್ನು ಮಗು ಬರೆಯುತ್ತದೆ, ಅದು ಎಳೆದುಕೊಂಡು ಬಂದ ಮುಂದಿನದನ್ನು ಬರೆಯುತ್ತದೆ, ಎಳೆ ತುಂಡಾದಲ್ಲಿ ನಿಲ್ಲಿಸುತ್ತದೆ. ಓದುವವರು ಯಾರು, ಅವರಿಗೆ ಏನು ಗೊತ್ತಿಲ್ಲ ಎಂಬ ಯೋಚನೆ ಅಲ್ಲಿ ಬರುವುದೇ ಇಲ್ಲ. ನಿಮ್ಮ ಮಗನ ಬರಹದಲ್ಲಿ ಎಳೆ ತುಂಡಾದ ಜಾಗಗಳು ಎದ್ದು ಕಾಣುತ್ತವೆ: ಎಲ್ಲೆಲ್ಲಿ 'ಆಮೇಲೆ' ಇದೆಯೋ ಅಲ್ಲೆಲ್ಲ. ಇದು ದಡ್ಡತನದ ಗುರುತಲ್ಲ, ಹತ್ತು ವರ್ಷದ ವಯಸ್ಸಿನ ಗುರುತು. ಅದೇ ಮಗು ಬಾಯಿಬಿಟ್ಟು ಹೇಳುವಾಗ ಎದುರಿಗೆ ಒಬ್ಬರು ಕುಳಿತಿರುತ್ತಾರೆ. ಅವರು ಹುಬ್ಬೇರಿಸುತ್ತಾರೆ, 'ಹೌದೇ!' ಎನ್ನುತ್ತಾರೆ, 'ಯಾವ ಅಜ್ಜ?' ಎಂದು ತಡೆಯುತ್ತಾರೆ. ಕಥೆ ಅದರಿಂದಲೇ ಬೆಳೆಯುತ್ತದೆ. ಹಾಳೆ ಹುಬ್ಬೇರಿಸುವುದಿಲ್ಲ. ಆದ್ದರಿಂದ ಕೆಲವು ವರ್ಷ ಮಗುವಿನ ಮಾತಿಗೂ ಹಾಳೆಗೂ ನಡುವೆ ಒಬ್ಬರು ಕೂರಬೇಕು. ಈ ಕೆಲಸಕ್ಕೆ ನಿಮಗಿಂತ ತಕ್ಕವರು ಇಲ್ಲ, ಏಕೆಂದರೆ ಆ ದಿನ ನೀವು ಬೀದರ್‌ನಲ್ಲಿ ಇರಲಿಲ್ಲ. ಅವನಿಗೆ ಗೊತ್ತಿರುವುದು ನಿಮಗೆ ಗೊತ್ತಿಲ್ಲ. ಹೇಳುವ ಹುರುಪು ಹುಟ್ಟುವುದೇ ಅಲ್ಲಿ.

ಪೆನ್ಸಿಲ್ ಬದಿಗಿಡಿಸಿ. ರೊಟ್ಟಿ ಬಡಿಯುತ್ತಲೋ ಅವರೆ ಸುಲಿಯುತ್ತಲೋ ಕೇಳಿ. ಹೇಗೆ ಕೇಳುತ್ತೀರಿ ಎಂಬುದರ ಮೇಲೆ ಬಹಳಷ್ಟು ನಿಂತಿದೆ. 'ಏನೇನು ನೋಡಿದೆ?' ಎಂದರೆ ಪಟ್ಟಿ ಬರುತ್ತದೆ. 'ಚೆನ್ನಾಗಿತ್ತೇ?' ಎಂದರೆ 'ಹ್ಞೂಂ' ಬರುತ್ತದೆ. 'ಕೋಟೆ ಕಟ್ಟಿಸಿದವರು ಯಾರು ಹೇಳು ನೋಡೋಣ' ಎಂದರೆ ಅದು ಪರೀಕ್ಷೆ, ಹುಡುಗ ಬಾಯಿ ಮುಚ್ಚುತ್ತಾನೆ. ತಾಯಂದಿರು ಚಿಕ್ಕ ಮಕ್ಕಳ ಜೊತೆ ಹಳೆಯ ಸಂಗತಿಗಳನ್ನು ನೆನಪಿಸಿಕೊಳ್ಳುವ ರೀತಿಯನ್ನು ರಾಬಿನ್ ಫಿವುಶ್, ಇಲೇನ್ ರೀಸ್ ಮೊದಲಾದ ಮನೋವಿಜ್ಞಾನಿಗಳು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ಏನು, ಹೇಗೆ, ಯಾಕೆ ಎಂದು ಬಿಡಿಸಿ ಕೇಳುತ್ತ, ಮಗು ಹೇಳಿದ್ದಕ್ಕೆ ತಾವೂ ಒಂದು ಮಾತು ಸೇರಿಸುತ್ತ ಹೋಗುವ ತಾಯಂದಿರ ಮಕ್ಕಳು ಮುಂದೆ ತಮ್ಮ ಅನುಭವವನ್ನು ಹೆಚ್ಚು ವಿವರವಾಗಿ, ಎಳೆ ತಪ್ಪದೆ ಹೇಳುತ್ತಾರೆ. ಒಂದೇ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ಕೇಳಿ ನೆನಪನ್ನು ಪರೀಕ್ಷಿಸುವವರ ಮಕ್ಕಳಲ್ಲಿ ಆ ಬೆಳವಣಿಗೆ ಅಷ್ಟಾಗಿ ಕಾಣುವುದಿಲ್ಲ.

ಅಜ್ಜನ ಸುದ್ದಿಯನ್ನೇ ತೆಗೆದುಕೊಳ್ಳಿ. 'ಮಣ್ಣು ನೆಕ್ಕಿದರೇ? ಅಯ್ಯೋ, ಯಾಕೆ? ಮಣ್ಣು ಎಲ್ಲಿಟ್ಟಿದ್ದರು? ನೀನು ಎಲ್ಲಿ ನಿಂತಿದ್ದೆ? ಆಗ ನಿಮ್ಮ ಗುಂಪಿನವರು ಏನು ಮಾಡಿದರು? ಅಜ್ಜ ಏನೆಂದರು?' ಇದರಲ್ಲಿ ಒಂದು ಪ್ರಶ್ನೆಯ ಉತ್ತರವೂ ಮೊಬೈಲಿನಲ್ಲಿ ಸಿಗುವುದಿಲ್ಲ. ಬೀದರ್ ಕೋಟೆಯ ಇತಿಹಾಸವನ್ನು ಯಾರು ಬೇಕಾದರೂ ಬರೆಯಬಹುದು. ಆ ಮಧ್ಯಾಹ್ನ ಆ ಕೋಣೆಯಲ್ಲಿ ಯಾರು ಮೂಗು ಮುಚ್ಚಿಕೊಂಡರು ಎಂದು ಬರೆಯಬಲ್ಲವರು ಅಲ್ಲಿದ್ದ ಮಕ್ಕಳು ಮಾತ್ರ. ಉತ್ತರ ಹೇಳುವಾಗ ಅವನ ಮಾತನ್ನು ತಿದ್ದಬೇಡಿ. ಮನೆಯ ಕನ್ನಡ ಬಂದರೆ ಬರಲಿ, ನಡುವೆ ಉರ್ದು, ಮರಾಠಿ ಸೇರಿದರೆ ಸೇರಲಿ. ನಮ್ಮ ಜಿಲ್ಲೆಯಲ್ಲಿ ಒಂದೇ ಓಣಿಯಲ್ಲಿ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು, ಲಂಬಾಣಿ ಕೇಳಿಸುತ್ತವೆ. ಮಕ್ಕಳ ಬಾಯಲ್ಲಿ ಅವು ಬೆರೆಯುವುದು ಸಹಜ. ಮಾತನಾಡುವಾಗಲೇ ಕ್ರಿಯಾಪದ ತಿದ್ದಿದರೆ ಹುಡುಗ ಅಜ್ಜನನ್ನು ಮರೆತು ನಿಮ್ಮ ಮುಖ ನೋಡಲು ಶುರುಮಾಡುತ್ತಾನೆ.

ಇದೇ ಕಥೆಯನ್ನು ಕಲಬುರಗಿಯಲ್ಲಿರುವ ಅತ್ತೆಗೋ ಮಾವನಿಗೋ ಫೋನಿನಲ್ಲಿ ಹೇಳಿಸಿ. ಫೋನಿನಲ್ಲಿ ಕೈ ತೋರಿಸಿ 'ಇಷ್ಟು ದೊಡ್ಡದು' ಎನ್ನಲಾಗುವುದಿಲ್ಲ, ಮಾತಿನಲ್ಲೇ ಹೇಳಬೇಕು. ಹೀಗಾಗಿ ಫೋನಿನಲ್ಲಿ ಹೇಳುವ ಕಥೆ ಬರವಣಿಗೆಗೆ ಬಹಳ ಹತ್ತಿರ ಬರುತ್ತದೆ. ಮೊಬೈಲಿನಲ್ಲಿ ಅವನ ಧ್ವನಿಯನ್ನು ಮುದ್ರಿಸಿಕೊಂಡರೂ ಒಳ್ಳೆಯದೇ. ಬರೆಯಲು ಕೂತಾಗ ಮಕ್ಕಳು ಮರೆಯುವುದು ಘಟನೆಯನ್ನಲ್ಲ, ತಾವೇ ಅದನ್ನು ಎಷ್ಟು ಚೆನ್ನಾಗಿ ಹೇಳಿದ್ದೆವು ಎಂಬುದನ್ನು. ತನ್ನ ದನಿಯನ್ನು ತಾನೇ ಕೇಳಿ ವಾಕ್ಯ ವಾಕ್ಯವಾಗಿ ಇಳಿಸಿಕೊಳ್ಳಲಿ.

ಇನ್ನು ಬರೆಯುವ ಹೊತ್ತು. ಇಲ್ಲಿ ನನ್ನದು ಒಂದೇ ಹಟ. ಇಡೀ ದಿನವನ್ನು ಬರೆಸಬೇಡಿ, ಒಂದು ಗಳಿಗೆಯನ್ನು ಬರೆಸಿ. ಬೆಳಿಗ್ಗೆ ಬಸ್ ಹತ್ತಿದ್ದರಿಂದ ಸಂಜೆ ಮನೆ ಸೇರಿದ ತನಕ ಒಂದು ಪುಟದಲ್ಲಿ ಹಿಡಿಸಲು ಹೋದರೆ ದೊಡ್ಡವರ ಕೈಯಲ್ಲೂ ಪಟ್ಟಿಯೇ ಆಗುತ್ತದೆ. ಒಂದು ಹಾಳೆಯ ಮೇಲೆ ಆ ದಿನದ ದಾರಿಯನ್ನು ಅವನೇ ಗೆರೆ ಎಳೆದು ತೋರಿಸಲಿ: ಬಸ್ ನಿಂತ ಜಾಗ, ಕೋಟೆಯ ಬಾಗಿಲು, ಕಂದಕ, ಸೋಲಾ ಖಂಬ ಮಸೀದಿ, ವಸ್ತುಸಂಗ್ರಹಾಲಯ, ಮದರಸಾ, ಬಿದರಿ ಮನೆ, ಊಟಕ್ಕೆ ಕೂತ ಮರದ ನೆರಳು. ನಕ್ಕ ಜಾಗ, ಹೆದರಿದ ಜಾಗ, ಬೇಸರ ಬಂದ ಜಾಗಕ್ಕೆ ಒಂದೊಂದು ಗುರುತು ಹಾಕಲಿ. ಬೇಸರವನ್ನೂ ಬರೆಯಬಹುದು ಎಂದು ಹೇಳಿದರೆ ಮಕ್ಕಳ ಮುಖ ಅರಳುತ್ತದೆ, ಏಕೆಂದರೆ ಅಲ್ಲಿಯವರೆಗೆ 'ತುಂಬಾ ಖುಷಿಯಾಯಿತು' ಎಂದು ಬರೆಯದಿದ್ದರೆ ಅಪರಾಧ ಎಂದೇ ಅವರು ನಂಬಿರುತ್ತಾರೆ. ಗುರುತುಗಳಲ್ಲಿ ಒಂದನ್ನು ಅವನೇ ಆರಿಸಲಿ. ನೀವು ಮದರಸಾ ದೊಡ್ಡ ಸ್ಮಾರಕ ಎಂದುಕೊಂಡಿರಬಹುದು, ಅವನಿಗೆ ಟೋಪಿ ಬಿದ್ದದ್ದೇ ದೊಡ್ಡದಿರಬಹುದು. ಅವನ ಆಯ್ಕೆಯೇ ನಡೆಯಲಿ.

ಅಜ್ಜನನ್ನು ಆರಿಸಿದ ಎಂದುಕೊಳ್ಳೋಣ. ಆಗ ಅವನು ಕಂಡದ್ದೇನು ಎಂದು ನಿಮಗೂ ಸ್ವಲ್ಪ ಗೊತ್ತಿದ್ದರೆ ಪ್ರಶ್ನೆ ಕೇಳಲು ಅನುಕೂಲ. ಬಿದರಿ ಪಾತ್ರೆಯ ಮೈ ಸತುವಿನದು, ಅದಕ್ಕೆ ಸ್ವಲ್ಪ ತಾಮ್ರ ಬೆರೆಸಿರುತ್ತಾರೆ. ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನಯಗೊಳಿಸುತ್ತಾರೆ. ಆಮೇಲೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ, ಅದರ ಮೇಲೆ ಗೀರಿದ ಗೆರೆ ಕಣ್ಣಿಗೆ ಕಾಣಲಿ ಎಂದು. ಸಣ್ಣ ಉಳಿಗಳಿಂದ ಹೂವು, ಬಳ್ಳಿ ಕೊರೆದು, ಕೊರೆದ ತೋಡಿನೊಳಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜಿದಾಗ ತಾತ್ಕಾಲಿಕ ಕಪ್ಪು ಹೋಗಿ ಇಡೀ ಪಾತ್ರೆ ಬೂದು ಬಣ್ಣಕ್ಕೆ ತಿರುಗುತ್ತದೆ, ಬೆಳ್ಳಿಯೂ ಅದರೊಳಗೆ ಮಸಕಾಗಿ ಕಾಣುತ್ತದೆ. ಕೊನೆಯ ಹಂತದಲ್ಲಿ ಪಾತ್ರೆಯನ್ನು ಬಿಸಿ ಮಾಡಿ, ನವಸಾಗರ ಎಂಬ ಉಪ್ಪು ಬೆರೆಸಿದ ಕೋಟೆಯ ಮಣ್ಣಿನಿಂದ ಉಜ್ಜುತ್ತಾರೆ. ಸತುವಿನ ಮೈ ಕಡುಗಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿದು ಹೊಳೆಯುತ್ತದೆ. ಕೋಟೆಯೊಳಗೆ ಬಿಸಿಲು ಮಳೆ ತಾಗದ ಜಾಗದ ಹಳೆಯ ಮಣ್ಣೇ ಇದಕ್ಕೆ ಬೇಕು. ಒಳ್ಳೆಯ ಮಣ್ಣು ಯಾವುದೆಂದು ನಾಲಿಗೆಯ ಮೇಲಿಟ್ಟು ತಿಳಿಯುವ ಕುಶಲಕರ್ಮಿಗಳಿದ್ದಾರೆ. ನಿಮ್ಮ ಮಗ ಕಂಡದ್ದು ಅದನ್ನೇ. ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕದ, ಅಂದರೆ ಇದು ಈ ಊರಿನದೇ ಎಂಬ ಗುರುತಿನ, ಮಾನ್ಯತೆ ದೊರೆತಿದೆ.

ಇಷ್ಟನ್ನೂ ಅವನಿಗೆ ಹೇಳಿ ಬರೆಸಬೇಡಿ! ನಿಮ್ಮ ಪ್ರಶ್ನೆ ಚುರುಕಾಗಲಿ ಎಂದು ಹೇಳಿದೆ ಅಷ್ಟೇ. 'ಮೊದಲು ಡಬ್ಬಿ ಯಾವ ಬಣ್ಣದ್ದಿತ್ತು? ಮಣ್ಣು ಹಚ್ಚುವ ಮೊದಲು ಬೆಳ್ಳಿಯ ಹೂವು ಕಾಣುತ್ತಿತ್ತೇ?' ಎಂದು ಕೇಳಿದರೆ ಅವನಿಗೆ ತಾನು ಕಂಡದ್ದು ಇನ್ನೊಮ್ಮೆ ಕಣ್ಣಿಗೆ ಕಟ್ಟುತ್ತದೆ. ನಿಮ್ಮ ಪತ್ರದಲ್ಲಿರುವ ಅವನ ಮಾತುಗಳಿಗೆ ಇಂಥ ಪ್ರಶ್ನೆಗಳ ಉತ್ತರ ಸೇರಿಸಿ ಸಾಲಾಗಿಸಿದರೆ ಮೊದಲ ಕರಡು ಹೆಚ್ಚು ಕಡಿಮೆ ಹೀಗಿರಬಹುದು: 'ನಾವು ಬಿದರಿ ಮನೆಗೆ ಬಂದೆವು. ಆಮೇಲೆ ಚಪ್ಪಲಿ ಬಿಟ್ಟೆವು. ಆಮೇಲೆ ಒಳಗೆ ಹೋದೆವು. ಅಜ್ಜ ಕುಳಿತಿದ್ದರು. ಅಜ್ಜ ಮಣ್ಣು ತೆಗೆದರು. ನಾಲಿಗೆಗೆ ಹಚ್ಚಿಕೊಂಡರು. ನಾವು ಛೀ ಎಂದೆವು. ಅಜ್ಜ ನಕ್ಕರು. ಆಮೇಲೆ ಡಬ್ಬಿಗೆ ಮಣ್ಣು ಹಚ್ಚಿದರು. ಡಬ್ಬಿ ಕಪ್ಪಾಯಿತು. ಹೂವು ಕಪ್ಪಾಗಲಿಲ್ಲ.' ಇದನ್ನು ಅವನ ಎಂಟು ಸಾಲಿನ ಜೊತೆ ಹೋಲಿಸಿ. ಆಗಲೇ ಬೇರೆ ಹುಡುಗನ ಬರಹದಂತಿದೆ. ಒಂದು ವಿಶೇಷಣವೂ ಇಲ್ಲ, 'ತುಂಬಾ' ಎಲ್ಲೂ ಇಲ್ಲ, ಆದರೂ ಓದುವವರಿಗೆ ಮುಂದೇನು ಎಂಬ ಕುತೂಹಲ ಹುಟ್ಟುತ್ತದೆ. 'ಹೂವು ಕಪ್ಪಾಗಲಿಲ್ಲ' ಎಂಬ ಕೊನೆಯ ವಾಕ್ಯವನ್ನು ಯಾರೂ ಮುಟ್ಟಬಾರದು.

ಮುಟ್ಟಬೇಕಾದದ್ದು ವಾಕ್ಯಗಳ ನಡುವಿನ ಸಂದುಗಳನ್ನು. ಇಲ್ಲಿ ಕನ್ನಡ ನಮ್ಮ ಕೈಗೆ ಕೊಟ್ಟಿರುವ ಸಲಕರಣೆ ದೊಡ್ಡದು, ಶಾಲೆಗಳಲ್ಲಿ ಅದರ ಬಳಕೆ ಬಹಳ ಕಡಿಮೆ. ವ್ಯಾಕರಣದ ಪಾಠದಲ್ಲಿ 'ಬಿಟ್ಟು', 'ಹಚ್ಚಿದ'ದಂಥ ರೂಪಗಳಿಗೆ ಕೃದಂತ ಎಂದು ವ್ಯಾಖ್ಯೆ ಬಾಯಿಪಾಠ ಮಾಡಿಸುತ್ತಾರೆ, ಪ್ರಬಂಧದ ದಿನ ಅದನ್ನು ಯಾರೂ ನೆನೆಯುವುದಿಲ್ಲ. ನಾವು ಮಾತನಾಡುವಾಗ 'ಚಪ್ಪಲಿ ಬಿಟ್ಟೆವು, ಆಮೇಲೆ ಒಳಗೆ ಹೋದೆವು' ಎನ್ನುತ್ತೇವೆಯೇ? 'ಚಪ್ಪಲಿ ಬಿಟ್ಟು ಒಳಗೆ ಹೋದೆವು' ಎನ್ನುತ್ತೇವೆ. ನಿಮ್ಮ ಮಗನೂ ಹಾಗೆಯೇ ಮಾತನಾಡುತ್ತಾನೆ. ಹಾಳೆಯ ಮೇಲೆ ಮಾತ್ರ ಪ್ರತಿ ಕ್ರಿಯಾಪದಕ್ಕೂ ಒಂದು ಪೂರ್ಣವಿರಾಮ ಇಡುತ್ತಾನೆ.

ಎರಡೇ ಗಂಟು ಹೇಳಿಕೊಡಿ. ಎರಡು ಕೆಲಸಗಳನ್ನು ಮಾಡಿದವರು ಒಬ್ಬರೇ ಆಗಿದ್ದರೆ 'ಬಿಟ್ಟು', 'ತೆಗೆದು', 'ನಕ್ಕು' ಎಂದು ಸೇರಿಸಬಹುದು: 'ಅಜ್ಜ ಮಣ್ಣು ತೆಗೆದು ನಾಲಿಗೆಗೆ ಹಚ್ಚಿಕೊಂಡರು.' ಮಾಡಿದವರು ಬೇರೆ ಬೇರೆ ಆಗಿದ್ದರೆ ಆ ಗಂಟು ನಿಲ್ಲುವುದಿಲ್ಲ. 'ನಾವು ಒಳಗೆ ಹೋಗಿ ಅಜ್ಜ ಕುಳಿತಿದ್ದರು' ಎಂದು ಓದಿ ನೋಡಿದರೆ ಕಿವಿಯೇ ಬೇಡ ಎನ್ನುತ್ತದೆ. ಅಲ್ಲಿ 'ಹೋದಾಗ' ಬೇಕು: 'ನಾವು ಒಳಗೆ ಹೋದಾಗ ಅಜ್ಜ ಕುಳಿತಿದ್ದರು.' ('ಮಳೆ ಬಂದು ಹೊಳೆ ತುಂಬಿತು' ಎಂಬಂಥ ಪ್ರಯೋಗಗಳಿವೆ, ಐದನೆಯ ತರಗತಿಯಲ್ಲಿ ಅದರ ಗೊಡವೆ ಬೇಡ.) ಈ ಎರಡು ಕೈಗೆ ಬಂದ ಮೇಲೆ ಮೂರನೆಯದೊಂದನ್ನು ತೋರಿಸಬಹುದು: 'ಅಜ್ಜ ಡಬ್ಬಿಗೆ ಮಣ್ಣು ಹಚ್ಚಿದರು, ಆ ಡಬ್ಬಿ ಕಪ್ಪಾಯಿತು' ಎನ್ನುವುದು 'ಅಜ್ಜ ಮಣ್ಣು ಹಚ್ಚಿದ ಡಬ್ಬಿ ಕಪ್ಪಾಯಿತು' ಎಂದಾಗುವುದು. 'ಹಚ್ಚುತ್ತಿದ್ದಂತೆ', 'ಹಚ್ಚಿದ ಕೂಡಲೇ', 'ಹಚ್ಚುವ ತನಕ' ಇವೆಲ್ಲ ಮುಂದಿನ ಬರಹಗಳಿಗೆ ಇರಲಿ. ಒಂದೇ ದಿನ ಎಲ್ಲ ಗಂಟು ಕಲಿಸಿದರೆ ಮಗು ಅರ್ಧ ಪುಟದ ಉದ್ದದ ಒಂದೇ ವಾಕ್ಯ ಬರೆದು ಉಸಿರು ಕಟ್ಟಿಸುತ್ತದೆ. ಸೇರಿಸಬಾರದ ಜಾಗವೂ ಇರುತ್ತದೆ. 'ನಾವು ಛೀ ಎಂದೆವು. ಅಜ್ಜ ನಕ್ಕರು.' ಈ ಎರಡು ಬೇರೆ ಬೇರೆಯಾಗಿ ನಿಂತರೇ ಚೆಂದ. ಜೋರಾಗಿ ಓದಿಸಿ, ಅವನಿಗೇ ಗೊತ್ತಾಗುತ್ತದೆ.

ಪಂಚೇಂದ್ರಿಯಗಳ ಪಟ್ಟಿ ಎಂಬುದೊಂದು ಇತ್ತೀಚೆಗೆ ಎಲ್ಲ ಕಡೆ ಹಬ್ಬಿದೆ: ಏನು ಕಂಡೆ, ಏನು ಕೇಳಿದೆ, ಏನು ಮೂಸಿದೆ ಎಂದು ಐದು ಕಾಲಂ ಹಾಕಿ ತುಂಬಿಸುವುದು. ನನಗೆ ಅದರಲ್ಲಿ ನಂಬಿಕೆ ಕಡಿಮೆ. 'ಕೋಟೆಯಲ್ಲಿ ತಂಪಾದ ಗಾಳಿಯ ಸ್ಪರ್ಶವಾಯಿತು, ಹಕ್ಕಿಗಳ ಇಂಚರ ಕೇಳಿಸಿತು' ಎಂಬ ಸಾಲುಗಳು ಹುಟ್ಟುವುದು ಆ ಕಾರ್ಖಾನೆಯಲ್ಲೇ. ಕೇಳಿಸಿದ ಶಬ್ದ ಇದ್ದರೆ ಅದು ತಾನಾಗಿ ಬರುತ್ತದೆ. ಬಿದರಿ ಮನೆಯಲ್ಲಿ ಉಳಿಯ ಟಕಟಕ ಕೇಳಿಸದೆ ಇರುವುದಿಲ್ಲ. 'ಅಲ್ಲಿ ಸದ್ದು ಹೇಗಿತ್ತು?' ಎಂದು ಒಮ್ಮೆ ಕೇಳಿ, ನೆನಪಿದ್ದರೆ ಬರೆಯಲಿ. ಅನುಕರಣ ಪದಗಳು ಕನ್ನಡದಲ್ಲಿ ಬೇಕಾದಷ್ಟಿವೆ, ಮಕ್ಕಳಿಗೆ ಅವು ಬಹಳ ಇಷ್ಟ. ಆದರೆ ಒಂದು ಪುಟಕ್ಕೆ ಒಂದೋ ಎರಡೋ ಸಾಕು.

ಮೊಬೈಲಿನಲ್ಲಿ ಹುಡುಕಿ ಬರೆಸಿದ್ದರ ಬಗ್ಗೆ ನಿಮಗೆ ಅಳುಕಿದೆ ಎಂದು ಕಾಣುತ್ತದೆ. ಅಳುಕಬೇಡಿ, ಹುಡುಕುವುದು ತಪ್ಪಲ್ಲ. ಆದರೆ ಹುಡುಕಿದ ಮಾಹಿತಿ ಬರಹದಲ್ಲಿ ಎಲ್ಲಿ ಕೂರಬೇಕು ಎಂಬುದಕ್ಕೆ ಒಂದು ಲೆಕ್ಕವಿದೆ. ಕಣ್ಣು ಒಂದು ಪ್ರಶ್ನೆ ಎತ್ತಿದಲ್ಲಿ ಮಾತ್ರ ಅದು ಕೂರಬೇಕು. ಮದರಸಾವನ್ನೇ ನೋಡಿ. ಅದರ ಮುಂದೆ ನಿಂತ ಮಗುವಿಗೆ ಮೊದಲು ಕಾಣುವುದು ಒಂದು ಕಡೆ ಎತ್ತರದ ಮಿನಾರು, ಇನ್ನೊಂದು ಕಡೆ ಏನೂ ಇಲ್ಲ. ಗೋಡೆಯ ಮೇಲೆ ನೀಲಿ, ಹಸಿರು, ಹಳದಿ ಹೆಂಚಿನ ಚೂರುಗಳು ಅಲ್ಲಲ್ಲಿ ಉಳಿದಿವೆ, ಉಳಿದಲ್ಲೆಲ್ಲ ಬರಿಯ ಗೋಡೆ. 'ಅರ್ಧ ಎಲ್ಲಿ ಹೋಯಿತು?' ಎಂಬ ಪ್ರಶ್ನೆ ಹತ್ತು ವರ್ಷದವನಿಗೆ ತಾನಾಗಿ ಬರುತ್ತದೆ. 1696ರಲ್ಲಿ, ಔರಂಗಜೇಬನ ಕಾಲದಲ್ಲಿ, ಒಳಗಿದ್ದ ಸಿಡಿಮದ್ದು ಸ್ಫೋಟಿಸಿ ಕಟ್ಟಡದ ಒಂದು ಭಾಗ ಕುಸಿಯಿತು ಎಂಬ ಮಾಹಿತಿಗೆ ಆಗ ಬೆಲೆ ಬರುತ್ತದೆ. ಬಹಮನಿ ಅರಸರ ಮಂತ್ರಿ, ಪರ್ಷಿಯಾದ ಗಿಲಾನ್‌ನಿಂದ ಬಂದ ಮಹಮೂದ್ ಗವಾನ್ ಇದನ್ನು 1472ರ ಸುಮಾರಿಗೆ ಕಟ್ಟಿಸಿದ ಎಂಬುದೂ ಅದರ ಬೆನ್ನಿಗೇ ಬರಬಹುದು. ಅದನ್ನು ಬಿಟ್ಟು ಬರಹದ ಮೊದಲ ಸಾಲಿಗೇ 'ಬೀದರ್ ಒಂದು ಐತಿಹಾಸಿಕ ನಗರವಾಗಿದೆ' ಎಂದು ಶುರುಮಾಡಿಸಿದರೆ ಹುಡುಗ ಕೋಟೆಗೆ ಹೋಗಿದ್ದನೋ ಇಲ್ಲವೋ ಎಂದು ಯಾರಿಗೂ ತಿಳಿಯುವುದಿಲ್ಲ. ಕಂದಕದ ಟೋಪಿಯೂ ಹಾಗೆಯೇ. ಬೀದರ್ ಕೋಟೆಗೆ ಜಂಬಿಟ್ಟಿಗೆ ಬಂಡೆಯನ್ನೇ ಕಡಿದು ಮಾಡಿದ ಮೂರು ಸಾಲಿನ ಕಂದಕವಿದೆ. ಟೋಪಿ ಬಿದ್ದರೆ ಯಾಕೆ ಮರಳಿ ತರಲಾಗಲಿಲ್ಲ ಎಂದು ಹೇಳುವಾಗ ಕಂದಕದ ಆಳ, ಅದರ ಕಡಿದಾದ ಗೋಡೆ ತಾನಾಗಿಯೇ ಬರುತ್ತದೆ. ಶತ್ರುಗಳನ್ನು ತಡೆಯಲು ಅದನ್ನು ಮಾಡಿದ್ದರು ಎಂದು ಪ್ರತ್ಯೇಕ ವಾಕ್ಯ ಬರೆಯುವ ಅಗತ್ಯವೂ ಕಡಿಮೆಯಾಗುತ್ತದೆ.

ಈಗ ಮನೆಯ ಕನ್ನಡದ ಮಾತು. ಅದರಿಂದ ಅವನು ಹಿಂದೆ ಬಿದ್ದಿಲ್ಲ. ಅವನ ಕಥೆ ಹುಟ್ಟಿದ್ದೇ ಆ ಕನ್ನಡದಲ್ಲಿ. ಶಾಲೆಯ ಬರಹ ಪುಸ್ತಕದ ಕನ್ನಡದಲ್ಲಿ ಇರಬೇಕು ಎಂಬುದೂ ನಿಜ, ಅದನ್ನು ಕಲಿಯದೆ ಬಿಡುವಂತಿಲ್ಲ. ಆದರೆ ಅದು ಎರಡನೆಯ ಕರಡಿನ ಕೆಲಸ. ಮೊದಲ ಕರಡಿನಲ್ಲಿ ಬಾಯಿಗೆ ಬಂದಂತೆ ಬರೆಯಲಿ. ಆಮೇಲೆ ಇಬ್ಬರೂ ಕೂತು ಕ್ರಿಯಾಪದಗಳ ಕೊನೆಯನ್ನಷ್ಟೇ ಪುಸ್ತಕದ ರೂಪಕ್ಕೆ ತನ್ನಿ. ವಸ್ತುಗಳ ಹೆಸರು, ಅಡುಗೆಯ ಹೆಸರು, ಬಂಧುಗಳನ್ನು ಕರೆಯುವ ಪದ ನಿಮ್ಮ ಮನೆಯಲ್ಲಿ ಹೇಗಿವೆಯೋ ಹಾಗೆಯೇ ಉಳಿಯಲಿ. ಬುತ್ತಿಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಿದ್ದರೆ ಅದನ್ನು 'ರುಚಿಕರವಾದ ಭೋಜನ' ಎಂದು ಮಾಡುವುದು ಬೇಡ. ಅಜ್ಜ ಆಡಿದ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಅವರು ಆಡಿದಂತೆಯೇ ಬರೆಯಬಹುದು, ಅದು ದಖನಿಯಲ್ಲಿದ್ದರೂ ಕನ್ನಡ ಲಿಪಿಯಲ್ಲಿ ಒಂದು ಸಾಲು ಇರಲಿ.

ಕಾಗುಣಿತ, ಒತ್ತಕ್ಷರ, ಅಲ್ಪಪ್ರಾಣ ಮಹಾಪ್ರಾಣ ಎಲ್ಲವನ್ನೂ ಒಂದೇ ಸಲ ಕೆಂಪು ಶಾಯಿಯಲ್ಲಿ ತಿದ್ದುವ ಚಟ ನಮ್ಮಲ್ಲಿ ಹಳೆಯದು. ಸಣ್ಣ ವಯಸ್ಸಿನಲ್ಲಿ ಅಕ್ಷರ ಮೂಡಿಸುವ ಶ್ರಮವೇ ಮಗುವಿನ ಗಮನದ ಬಹುಪಾಲನ್ನು ನುಂಗುತ್ತದೆ. ಅದಕ್ಕೇ ಹೇಳಿ ಬರೆಸಿಕೊಂಡಾಗ ಉದ್ದವಾಗಿರುವ ಕಥೆ ಸ್ವಂತ ಕೈಯಲ್ಲಿ ಗಿಡ್ಡವಾಗುತ್ತದೆ. ಒಂದು ಬರಹಕ್ಕೆ ಒಂದು ಬಗೆಯ ತಪ್ಪನ್ನು ಮಾತ್ರ ಹಿಡಿಯಿರಿ. ಈ ಸಲ ಒತ್ತಕ್ಷರ, ಮುಂದಿನ ಸಲ ಬೇರೆ. ಉರ್ದು ಮನೆಮಾತಿನ ಮಕ್ಕಳು ಳ ಇರುವಲ್ಲಿ ಲ, ಣ ಇರುವಲ್ಲಿ ನ ಬರೆಯುವುದನ್ನು, ಬಸ್ಸನ್ನು ಹೆಣ್ಣು ಮಾಡಿ 'ಬಸ್ಸು ಬಂದಳು' ಎನ್ನುವುದನ್ನು ಈ ಭಾಗದ ಶಿಕ್ಷಕರು ಕಂಡೇ ಇರುತ್ತಾರೆ. ಉರ್ದುವಿನಲ್ಲಿ ಬಸ್ಸು ಸ್ತ್ರೀಲಿಂಗ, ಆದ್ದರಿಂದ ಅದು ಅಜಾಗರೂಕತೆಯಲ್ಲ. ಕಾರಣ ಗೊತ್ತಿದ್ದರೆ ತಿದ್ದುವ ದನಿ ಮೆತ್ತಗಾಗುತ್ತದೆ.

ನಿಮ್ಮ ಮನೆಯಲ್ಲಿ ಇನ್ನೂ ಚಿಕ್ಕ ಮಕ್ಕಳಿದ್ದರೆ, ಒಂದರಿಂದ ಮೂರನೆಯ ತರಗತಿಯವರಿಗೆ, ಇಷ್ಟೆಲ್ಲ ಬೇಡ. ಚಿತ್ರ ಬರೆಯಲಿ, ಅದರ ಕೆಳಗೆ ಅವರು ಹೇಳಿದ ಎರಡು ಮಾತನ್ನು ಹೇಳಿದಂತೆಯೇ ನೀವು ಬರೆದುಕೊಡಿ, ಬೆರಳಿಟ್ಟು ಓದಲಿ. ಚಿತ್ರ ಮತ್ತು ಆಟಗಳೇ ಮಗುವನ್ನು ಬರವಣಿಗೆಯತ್ತ ನಡೆಸುತ್ತವೆ ಎಂದು ರಷ್ಯಾದ ಮನೋವಿಜ್ಞಾನಿ ಲೆವ್ ವೈಗೋಟ್‌ಸ್ಕಿ ಸುಮಾರು ನೂರು ವರ್ಷದ ಹಿಂದೆಯೇ ವಾದಿಸಿದ್ದರು. ಏಳು, ಎಂಟನೆಯ ತರಗತಿಗೆ ಬಂದವರಿಗೆ ಅದೇ ಘಟನೆಯನ್ನು ಅಜ್ಜನ ಕಡೆಯಿಂದ ಬರೆ ಎನ್ನಬಹುದು: ಮಕ್ಕಳ ಗುಂಪೊಂದು ಬಂದು ಛೀ ಎಂದದ್ದು ಆ ಕುಶಲಕರ್ಮಿಗೆ ಹೇಗೆ ಕಂಡಿರಬಹುದು? ಐದನೆಯ ತರಗತಿಗೆ ಅದು ಸ್ವಲ್ಪ ಬೇಗ.

ಪ್ರವಾಸ ವರ್ಷಕ್ಕೊಂದು ಬಂದರೆ ಹೆಚ್ಚು. ಅಭ್ಯಾಸಕ್ಕೆ ಅದನ್ನೇ ಕಾಯಬೇಕಿಲ್ಲ. ಹುಮನಾಬಾದದ ವೀರಭದ್ರೇಶ್ವರ ಜಾತ್ರೆ ಇದೆ, ವಾರದ ಸಂತೆ ಇದೆ, ತೊಗರಿ ರಾಶಿ ಮಾಡುವ ದಿನ ಹೊಲಕ್ಕೆ ಹೋಗಿ ಬರಬಹುದು. ಬೀದರ್ ಕಲಬುರಗಿ ರೈಲು 2017ರಿಂದ ಓಡುತ್ತಿದೆ, ಹುಮನಾಬಾದದಲ್ಲೇ ಹತ್ತಿ ಕಲಬುರಗಿಗೆ ಹೋಗಿ ಬಂದದ್ದೂ ಒಂದು ಬರಹವೇ. ಹೋಗುವ ಮೊದಲು 'ಚೆನ್ನಾಗಿ ನೋಡಿಕೊಂಡು ಬಾ, ಬಂದ ಮೇಲೆ ಬರೆಯಬೇಕು' ಎಂದು ಮಾತ್ರ ಹೇಳಬೇಡಿ. ಅದರಿಂದ ದಿನವೇ ಹಾಳಾಗುತ್ತದೆ. 'ನನಗೆ ಹೇಳಲು ಒಂದು ವಿಚಿತ್ರ ಸುದ್ದಿ ತಾ' ಎಂದರೆ ಸಾಕು.

ಈ ನೆಪದಲ್ಲಿ ಶಿಕ್ಷಕರಿಗೂ ಒಂದು ಮಾತು. ಪ್ರವಾಸದ ಹಣ ಕೊಡಲಾಗದೆ ಮನೆಯಲ್ಲೇ ಉಳಿದ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಮರುದಿನ ಎಲ್ಲರಿಗೂ 'ನಾನು ಮಾಡಿದ ಪ್ರವಾಸ' ಎಂದು ವಿಷಯ ಕೊಟ್ಟರೆ ಅವರು ಹೋಗದ ಊರಿಗೆ ಹೋದಂತೆ ಬರೆಯಬೇಕಾಗುತ್ತದೆ. 'ಶನಿವಾರ ನಾನು ಕಂಡದ್ದು' ಎಂದು ವಿಷಯ ಬದಲಿಸಲು ಖರ್ಚಿಲ್ಲ. ಇಲ್ಲವೆಂದರೆ ಹೋಗದಿದ್ದವರು ಹೋಗಿ ಬಂದವರನ್ನು ಪ್ರಶ್ನೆ ಕೇಳಿ, ಆ ಉತ್ತರಗಳನ್ನು ಬರೆಯಲಿ. ಇಬ್ಬರಿಗೂ ಲಾಭ.

ಉಳಿದದ್ದು ನಿಮ್ಮ ಮಗನ ಶಾಲೆಯ ವಿಷಯ. ಕೋಟೆ, ಮದರಸಾ, ಬಿದರಿ ಮೂರನ್ನೂ ಬರೆಯಬೇಕು ಎಂದು ಗುರುಗಳು ಕೇಳಿದರೆ ವಾದ ಬೇಡ. ಅಜ್ಜನ ಭಾಗವನ್ನು ಮುಕ್ಕಾಲು ಪುಟ ಬರೆಯಲಿ, ಮಿಕ್ಕ ಎರಡನ್ನು ಮೇಲೆ ಮೂರು ನಾಲ್ಕು ವಾಕ್ಯಗಳಲ್ಲಿ ಮುಗಿಸಲಿ. 'ಕೋಟೆ ಮತ್ತು ಮದರಸಾ ನೋಡಿ ಮಧ್ಯಾಹ್ನ ಬಿದರಿ ಮನೆಗೆ ಹೋದೆವು' ಎಂಬ ಒಂದು ಸಾಲಿನಿಂದಲೂ ದಾರಿ ಮುಗಿಯುತ್ತದೆ. ನೀವು ಹೇಳಿ ಬರೆಸಿದ ಪುಟ ಈಗಾಗಲೇ ಶಾಲೆಗೆ ಹೋಗಿಬಿಟ್ಟಿದ್ದರೆ ಹೋಗಲಿ. ಅಜ್ಜನ ಕಥೆಯನ್ನು ಬೇರೆ ಹಾಳೆಯಲ್ಲಿ ಬರೆಸಿ ಆ ಬಿದರಿ ಮನೆಯ ಅಜ್ಜನ ವಿಳಾಸಕ್ಕೇ ಅಂಚೆಯಲ್ಲಿ ಕಳಿಸಬಹುದು, ವಿಳಾಸ ಶಾಲೆಯವರ ಬಳಿ ಇರುತ್ತದೆ. ಪತ್ರದ ಕೊನೆಯಲ್ಲಿ ಅವನಿಗೆ ಇನ್ನೂ ತಿಳಿಯದೆ ಉಳಿದಿರುವ ಒಂದು ಪ್ರಶ್ನೆಯನ್ನು, ಮಣ್ಣಿನ ರುಚಿ ಹೇಗಿರುತ್ತದೆ ಎಂಬುದನ್ನೋ ಬೇರೆ ಯಾವುದನ್ನೋ, ಅವನೇ ಕೇಳಲಿ.